ದುಬಾಸಿ ಬಿಟ್ಟ ಬಡಿತ

ನಮ್ಮ ಊರಿನ ಕೆರೆಗೆ ಏರಿ ಇಲ್ಲ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ನಾವು. ಮೇಲಿನ ಬೀದಿಯ ಜಗಲಿಯ ಮೇಲೆ ಕೂತರೆ ಎದುರಿಗೇ ನೀರು ಗೋಡೆಯ ಹಾಗೆ ನಿಂತಿರುತ್ತದೆ, ತೆಂಗಿನ ಮರಕ್ಕಿಂತ ಎತ್ತರ. ಒಳಗೆ ಮೀನು ಓಡಾಡುವುದು, ತಳದ ಕೆಸರಿನಲ್ಲಿ ಏಡಿ ಸರಿಯುವುದು, ಎಲ್ಲ ಕಾಣುತ್ತದೆ. ಹೊಸದಾಗಿ ಬಂದ ನೆಂಟರು ಮೊದಲ ದಿನ ಊಟ ಮುಟ್ಟುವುದಿಲ್ಲ. ಮಾರನೆಯ ದಿನ ಗೋಡೆಗೆ ಬೆನ್ನು ಹಾಕಿ ಕೂತು ಉಣ್ಣುತ್ತಾರೆ. ಆಮೇಲೆ ನಮ್ಮ ಹಾಗೆಯೇ ಉಂಡ ಕೈಯನ್ನು ಗೋಡೆಗೇ ಅದ್ದಿ ತೊಳೆಯುತ್ತಾರೆ. ಮನುಷ್ಯ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ.

ನೀರು ನಿಂತಿರುವುದು ನಾವು ನಿಲ್ಲು ಎಂದು ಹೇಳುವುದರಿಂದ. ನಮ್ಮ ನೀರಿಗೆ ನಗಾರಿಯ ಮಾತು ತಿಳಿಯುತ್ತದೆ. ಅದಕ್ಕೆ ಗೊತ್ತಿರುವುದು ಎರಡೇ, ಏಟು ಮತ್ತು ಬಿಡುವು. ಆ ಎರಡರಲ್ಲೇ ಎಲ್ಲವನ್ನೂ ಹೇಳಬೇಕು: ಏಳು, ಹೋಗು, ಬಲಕ್ಕೆ ತಿರುಗು, ಮೆಟ್ಟಿಲು ಹತ್ತು, ಹಂಡೆ ಸಿಕ್ಕರೆ ಇಳಿ, ತುಂಬಿದರೆ ನಿಲ್ಲು. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಹೇಳಿದವನ ಮನಸ್ಸಿನಲ್ಲಿ ಏನಿತ್ತು ಎಂದು ಯೋಚಿಸುವ ಕಷ್ಟವನ್ನಂತೂ ತೆಗೆದುಕೊಳ್ಳುವುದೇ ಇಲ್ಲ. ನಮ್ಮಪ್ಪನ ಕಾಲದಲ್ಲಿ ಒಂದು ಮದುವೆಮನೆಯವರು ‘ಹಂಡೆ ತುಂಬುವ ತನಕ ಬಾ’ ಎಂದು ನಗಾರಿ ಬಡಿಸಿದರಂತೆ. ಹಂಡೆಯ ತಳ ತೂತಾಗಿತ್ತು. ನೀರು ಬಂದೇ ಬಂತು. ಧಾರೆ ಮುಗಿಯುವ ಹೊತ್ತಿಗೆ ಗಂಡುಹೆಣ್ಣು ಮಂಚದ ಮೇಲೆ, ಪುರೋಹಿತರು ಒರಳುಕಲ್ಲಿನ ಮೇಲೆ, ಬೀಗರು ಅಟ್ಟದ ಮೇಲೆ. ಇದು ಈ ಊರಿನ ಪದ್ಧತಿ ಇರಬೇಕೆಂದು ತಿಳಿದು ಬೀಗರು ಏನೂ ಅನ್ನದೆ ಅಲ್ಲೇ ಉಂಡು ಎದ್ದುಹೋದರು.

ಹೀಗಾಗಿ ನಮ್ಮಲ್ಲಿ ಸುಮ್ಮಸುಮ್ಮನೆ ಯಾರೂ ಏನನ್ನೂ ಬಡಿಯುವುದಿಲ್ಲ. ತಟ್ಟೆಯ ಮೇಲೆ ಬೆರಳು ಕುಣಿಸಿದ ಮಗುವಿನ ಬೆನ್ನಿಗೆ ಬೀಳುವ ಗುದ್ದು ಕೂಡ ಒಂದೇ. ಇನ್ನೊಂದು ಬಿದ್ದರೆ ನೀರಿಗೆ ಅದು ಏನೆಂದು ಕೇಳಿಸುತ್ತದೋ ಎಂಬ ಭಯ. ಚಪ್ಪಾಳೆ ಇಲ್ಲ. ಹಾಡು ಉಂಟು, ತಾಳ ಇಲ್ಲ. ಭತ್ತ ಕುಟ್ಟುವವರು ಗುಡ್ಡದಾಚೆ ಹೋಗಿ ಕುಟ್ಟಿ ತರುತ್ತಾರೆ. ಕೂಸನ್ನು ತಟ್ಟಿ ಮಲಗಿಸುವಂತಿಲ್ಲ, ಸವರಿ ಮಲಗಿಸಬೇಕು. ನಗಾರಿಗೆ ಕಂಬಳಿ ಹೊದಿಸಿ ಬಡಿದರೆ ನೀರಿಗೆ ಕೇಳುವುದಿಲ್ಲ, ಕಲಿಯುವವರು ಹಾಗೇ ಕಲಿಯುವುದು. ಆದರೆ ಆಗಲೂ ಅರ್ಥವಿಲ್ಲದ್ದನ್ನು ಬಡಿಯಬಾರದು, ಕೈ ಕೆಡುತ್ತದೆ ಎನ್ನುತ್ತಿದ್ದರು ಹಿರಿಯರು.

ಬೇರೆ ಊರುಗಳಲ್ಲಿ ನೀರುಗಂಟಿ ಎಂದರೆ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು. ಇಲ್ಲಿ ನೀರುಗಂಟಿ ಎಂದರೆ ಕೋಲು ಹಿಡಿದವನು, ಮತ್ತು ಅದು ನಮ್ಮ ಮನೆತನದ ಕೆಲಸ. ನನ್ನ ಹೆಸರು ಪಾಪಣ್ಣ. ನನ್ನ ಪಾಲಿಗೆ ಬಂದದ್ದು ಸ್ನಾನದ ನೀರು ಮತ್ತು ದನದ ಬಾನಿ, ಅದಕ್ಕಿಂತ ಹೆಚ್ಚಿನದು ನನ್ನ ಕೈಗೆ ಹತ್ತಲಿಲ್ಲ, ಹತ್ತಲಿಲ್ಲವೆಂಬ ವ್ಯಥೆಯೂ ನನಗಿಲ್ಲ. ದೊಡ್ಡ ಕೆಲಸ ಕಾವಲು. ಅದು ನಮ್ಮಕ್ಕ ದೇವೀರಮ್ಮನದು. ಹರಿಯುತ್ತಲೇ ಇರುವ ನೀರು ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ. ನಿಂತ ನೀರು ಒಂದು ದಿನದಲ್ಲಿ ಮರೆಯುತ್ತದೆ. ಅದಕ್ಕೇ ಗೋಡೆಯ ನೀರಿಗೆ ‘ಹೀಗೆ ನಿಲ್ಲು’ ಎಂದು ದಿನವೂ ಹೊಸದಾಗಿ ಹೇಳಬೇಕು. ಹೊತ್ತು ಪಡುವಣ ಗುಡ್ಡದ ನೆತ್ತಿ ಮುಟ್ಟಿದಾಗ ಶುರುಮಾಡಿ ದೀಪ ಹಚ್ಚುವುದರೊಳಗೆ ಮುಗಿಸಬೇಕು. ತಡವಾದರೆ ಗೋಡೆ ಬೆವರುತ್ತದೆ. ಇನ್ನೂ ತಡವಾದರೆ ಏನಾಗುತ್ತದೆಂದು ಹೇಳುವುದಕ್ಕೆ, ದೇವರ ದಯ, ಯಾರೂ ನೋಡಿಲ್ಲ.

ಅಕ್ಕ ಮದುವೆಯಾಗಲಿಲ್ಲ. ಸಂಜೆಯ ಹೊತ್ತು ಒಂದು ದಿನವೂ ತಪ್ಪುವಂತಿಲ್ಲದ ಹೆಣ್ಣನ್ನು ಯಾವ ಊರಿಗೆ ಕೊಡುವುದು? ನೆಂಟರ ಮದುವೆಗೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ಅಪ್ಪ ಹೋದ ದಿನವೂ ಹೆಣ ಸುಟ್ಟು ಬಂದು ನಾವು ಬಾಗಿಲಲ್ಲಿ ನಿಂತಿದ್ದರೆ ಅವಳು ಗೋಡೆಯೆದುರಿನ ನಗಾರಿಕಟ್ಟೆಯ ಮೇಲಿದ್ದಳು. ಕಾವಲು ಮುಗಿಸಿ ಕೋಲು ಕೆಳಗಿಟ್ಟಾಗ ತಿರುಗಿ ನೋಡದೆ ಕೇಳುತ್ತಿದ್ದಳು, ‘ಸರಿಯಾಯ್ತಾ?’ ನಾವು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ ‘ಸರಿಯಾಯ್ತು ಕಣಕ್ಕ’ ಎನ್ನುತ್ತಿದ್ದೆವು. ಅವಳ ಬದುಕಿನಲ್ಲಿ ಅವಳು ಕೇಳಿದ ಪ್ರಶ್ನೆಯೂ ಅದೊಂದೇ, ನಾವು ಕೊಟ್ಟ ಉತ್ತರವೂ ಅದೊಂದೇ ಎಂದರೆ ತಪ್ಪಾಗದು.

ಹಿಂದಿನ ಕಾಲ ಇನ್ನೂ ಕಷ್ಟದ್ದು. ನಮ್ಮಜ್ಜ ಪ್ರತಿಯೊಂದು ಏಟನ್ನೂ ಏಟಾಗಿಯೇ ನೆನಪಿಟ್ಟವನು. ಮಧ್ಯೆ ಕೆಮ್ಮು ಬಂದರೆ ಮೊದಲಿಂದ ಶುರು. ಅಪ್ಪ ಬುದ್ಧಿವಂತ, ಸೊಲ್ಲು ಕಟ್ಟಿದ. ‘ತರಿ’ ಎಂದರೆ ‘ಹೋಗು’ ಎನ್ನುವ ಏಟುಗಳ ಗೊಂಚಲು, ‘ಕಿಡ’ ಎಂದರೆ ‘ತಿರುಗು’. ಬಾಯಲ್ಲಿ ಸೊಲ್ಲು, ಕೈಯಲ್ಲಿ ಏಟು. ಊರು ಅವನನ್ನು ಬಾಯಿಗೆ ಬಂದಂತೆ ಬೈಯಿತಂತೆ, ಸೊಲ್ಲು ಹಿಡಿದು ಬಡಿಯುವವನು ಸೋಮಾರಿ, ಅವನಿಗೆ ನೀರಿನ ಸಂಗ ತಪ್ಪಿತು ಎಂದು. ನಾನು ಹುಟ್ಟುವ ಹೊತ್ತಿಗೆ ಬೈದವರ ಮಕ್ಕಳೇ ಸೊಲ್ಲು ಬಾರದವನು ನೀರುಗಂಟಿಯೇ ಅಲ್ಲ ಎನ್ನುತ್ತಿದ್ದರು.

ಇಂಥ ಊರಿಗೆ ನನ್ನ ಕೈ ಹಿಡಿದು ಬಂದವಳು ಚೆಲುವಮ್ಮ. ಗುಡ್ಡದಾಚೆಯವಳು, ಮಣಿಸರ ಪೋಣಿಸುವವರ ಮನೆಯ ಹೆಣ್ಣು. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದಳು, ನಾನು ಹಿತ್ತಿಲಲ್ಲಿ ಹಂಡೆಗೆ ನೀರು ಬಡಿಯುತ್ತಿದ್ದೆ. ಕೂತು ಕೂತು ಅವಳ ತಾಳ್ಮೆ ಹೋಯಿತು.

‘ಎಣ್ಣೆ ಎಲ್ಲಾ ಕಣ್ಣಿಗಿಳೀತು. ಹಂಡೆಗೆ ನೀರು ಬೇಕು ಅನ್ನೋಕೆ ಇಷ್ಟೊತ್ತಾ? ನಮ್ಮೂರಾಗಿದ್ರೆ ಬಾವೀಲಿ ಸೇದ್ಕಂಡು, ಮಿಂದು, ತಲೆ ಒಣಗಿಸ್ಕಂಡು ಕೂತಿರ್ತಿದ್ದೆ.’

‘ನೀರಿಗೆ ತಿಳಿಯೋ ಹಂಗೆ ಹೇಳ್ಬೇಕಲ್ಲಮ್ಮಿ’ ಎಂದೆ.

‘ಯಾವಾಗ್ಲೂ ನಾವೇ ಯಾಕೆ ಅದ್ರ ಮಾತು ಕಲೀಬೇಕು? ಒಂದ್ಸಲ ಅದೇ ನಮ್ಮ ಮಾತು ಕಲೀಲಿ.’

ನಾನು ನಕ್ಕೆ. ಒಳಗೆ ರಾಗಿ ಬೀಸುತ್ತಿದ್ದ ಅಕ್ಕನೂ ನಕ್ಕಳು, ಅವಳು ನಗುವುದೇ ಅಪರೂಪ. ಚೆಲುವಿ ನಗಲಿಲ್ಲ.

ಅವಳ ಮಾತೆಂದರೆ ಮಣಿ. ಕೆಂಪು ಮಣಿ ‘ಹೋಗು’, ಹಳದಿ ‘ತಿರುಗು’, ನೀಲಿ ‘ನಿಲ್ಲು’, ದಪ್ಪ ಮರದ ಮಣಿ ‘ಇಲ್ಲಿವರೆಗಿನದನ್ನು ಮತ್ತೆ ಮಾಡು’. ಯಾವಾಗಲೂ ಹರಿಯುವ ಸಣ್ಣ ಕಾಲುವೆಯ ತಲೆಯಲ್ಲಿ ಒಂದು ಗುಡಿಸಲು ಹಾಕಿಸಿದಳು, ಅದರ ಕೊನೆಯಲ್ಲಿ ಒಂದು ನಗಾರಿ, ನಗಾರಿಯ ಮೇಲೆ ನೀರಿನ ಬಲಕ್ಕೆ ಏಳುವ ಬೀಳುವ ಮರದ ಕೊಡತಿಗಳು. ಮಣಿಸರವನ್ನು ಕಾಲುವೆಗೆ ಇಳಿಬಿಟ್ಟರೆ ನೀರು ಒಂದೊಂದೇ ಮಣಿ ಮುಟ್ಟಿ ನೋಡಬೇಕು, ಮುಟ್ಟಿದ ಮಣಿಗೆ ತಕ್ಕ ಏಟುಗಳನ್ನು ಕೊಡತಿಯಿಂದ ಬಡಿಯಬೇಕು, ಅದನ್ನು ಕೇಳಿ ಕೆರೆಯ ನೀರು ಕೆಲಸಕ್ಕೆ ಹೊರಡಬೇಕು. ಚೆನ್ನಾಗಿದೆ. ಆದರೆ ಇಷ್ಟನ್ನೂ ಕಾಲುವೆಯ ನೀರಿಗೆ ಹೇಳಿಕೊಡುವವರು ಯಾರು? ಹರಿಯುವ ನೀರು ಮರೆಯುವುದಿಲ್ಲ ನಿಜ, ಒಮ್ಮೆಯಾದರೂ ಹೇಳಬೇಕಲ್ಲ. ಕೋಲು ಹಿಡಿದು ಕೂತವನು ನಾನೇ. ಬೇಸಿಗೆ ಶುರುವಾದಾಗ ಕೂತೆ, ಮೊದಲ ಮಳೆಗೆ ಎದ್ದೆ. ಆಮೇಲೆ ಬಹಳ ದಿನ ನನಗೆ ಅನ್ನವನ್ನೂ ಅವಳೇ ಕಲಸಿ ಕೊಡಬೇಕಾಯಿತು.

ಮೊದಲ ಸರವನ್ನು ಇಳಿಬಿಟ್ಟ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಗೇಣು ಉದ್ದದ ಸರ. ಕೊಡತಿಗಳು ತಾವೇ ಎದ್ದವು. ನನ್ನ ಎರಡೂ ಕೈ ಮಡಿಲಲ್ಲಿದ್ದವು, ನಗಾರಿ ಮಾತಾಡುತ್ತಿತ್ತು. ನೀರಿಗೆ ನೀರೇ ಹೇಳುತ್ತಿತ್ತು, ನೀರೇ ಕೇಳುತ್ತಿತ್ತು. ಬಚ್ಚಲಿನಿಂದ ಹಂಡೆ ತುಂಬುವ ಸದ್ದು ಬಂದಾಗ ನಾನು ಎದ್ದುನಿಂತು ಕೈ ಮುಗಿದೆ, ಯಾರಿಗೆ ಎಂದು ಗೊತ್ತಿಲ್ಲ. ಊರಿನ ಯಜಮಾನರಾದ ತೋಪೇಗೌಡರು ದೊಡ್ಡ ಸಂತೆಗಳನ್ನು ಕಂಡವರು. ಮಾತು ಬಾರದ ಇಬ್ಬರು ವ್ಯಾಪಾರಿಗಳ ನಡುವೆ ನಿಲ್ಲುವವನನ್ನು ಅಲ್ಲಿ ದುಬಾಸಿ ಎನ್ನುತ್ತಾರೆಂದು ಅವರೇ ಹೇಳಿದರು. ಆ ಹೆಸರೇ ನಿಂತಿತು.

ಕೋಲು ಹಿಡಿದ ಬೇರೆಯವರು ಮಾತ್ರ ಹೊಟ್ಟೆ ಹಿಡಿದು ನಕ್ಕರು. ದುಬಾಸಿಯ ಬಡಿತ ಎಮ್ಮೆ ನಡೆದ ಹಾಗಿತ್ತು, ಸುಳ್ಳಲ್ಲ. ಒಂದು ಗೊಂಚಲಲ್ಲಿ ಮುಗಿಯುವುದಕ್ಕೆ ಹತ್ತು ಗೊಂಚಲು. ಆದರೆ ಹೆಂಗಸರಿಗೆ ಅದು ಯಾವ ಲೆಕ್ಕ? ಸರ ಇಳಿಬಿಟ್ಟು ಅವರು ಒಲೆ ನೋಡಿಕೊಳ್ಳುತ್ತಿದ್ದರು. ಮನೆಮನೆಯಲ್ಲೂ ಮಣಿ ಪೋಣಿಸುವುದು ಶುರುವಾಯಿತು, ಜೊತೆಗೆ ಎಡವಟ್ಟೂ ಶುರುವಾಯಿತು. ಕೆಳಗಿನ ಬೀದಿಯವರು ತಮಗೆಂದೇ ಇನ್ನೊಂದು ದುಬಾಸಿ ಮಾಡಿಸಿಕೊಂಡು ನೀಲಿ ಮಣಿಗೆ ‘ಹತ್ತು’ ಎಂಬ ಅರ್ಥ ಇಟ್ಟುಕೊಂಡರು. ಅಲ್ಲಿಯವಳೊಬ್ಬಳು ಮೇಲಿನ ಬೀದಿಯ ಗೆಳತಿಯಿಂದ ಸರ ಎರವಲು ತಂದಳು. ನಿಲ್ಲಬೇಕಾದ ಜಾಗದಲ್ಲಿ ನೀರು ಹತ್ತಿತು, ಅಟ್ಟಕ್ಕೆ ಹೋಯಿತು, ವರ್ಷದ ಬೆಲ್ಲವೆಲ್ಲ ಪಾನಕವಾಯಿತು. ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿ ಬೆಳಗಿನಿಂದ ಸಂಜೆವರೆಗೆ ನೀಲಿ ಮಣಿಗಾಗಿ ಕಚ್ಚಾಡಿದರು. ಕೊನೆಗೆ ನೀಲಿ ಎಂದರೆ ಎಲ್ಲರಿಗೂ ‘ನಿಲ್ಲು’, ಹತ್ತುವುದಕ್ಕೆ ಹಸಿರು ಎಂದು ತೀರ್ಮಾನವಾಯಿತು. ಕೆಳಗಿನ ಬೀದಿಯವರು ಇವತ್ತಿಗೂ ಅದನ್ನು ನೆನೆದು ಗೊಣಗುತ್ತಾರೆ.

ಹೀಗೆ ನಗುನಗುತ್ತ ನಡೆದಿದ್ದಾಗ ಒಂದು ಸಂಜೆ ಕಾವಲಿನ ನಡುವೆ ಅಕ್ಕನ ಕೈಯಿಂದ ಕೋಲು ಜಾರಿತು.

ಅವಳು ತಕ್ಷಣ ಎತ್ತಿಕೊಂಡಳು, ಮುಂದುವರಿಸಿದಳು. ಆದರೆ ದೀಪದ ಹೊತ್ತಿಗೆ ಗೋಡೆಯ ಮೈಮೇಲೆ ಹನಿಗಳು ಮೂಡಿದ್ದವು. ಅಕ್ಕನ ಮಣಿಕಟ್ಟುಗಳು ಊದಿ ಗೆಣಸಿನಂತಾಗಿದ್ದವು. ಎಷ್ಟು ದಿನದಿಂದ ಹೀಗಿದೆಯೋ, ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನಾನು ಬಿಸಿ ಎಣ್ಣೆ ತಿಕ್ಕಿದೆ. ಅವಳ ನಂತರ ಕಾವಲು ಬಲ್ಲವರು ಯಾರೂ ಇರಲಿಲ್ಲ. ಕಲಿಯಲು ಬಂದವರೆಲ್ಲ ಆ ಉದ್ದಕ್ಕೆ ಹೆದರಿ ಬಿಟ್ಟುಹೋಗಿದ್ದರು, ಅವರಲ್ಲಿ ನಾನೇ ಮೊದಲಿಗ. ಊರಿಗೆ ಊರೇ ಈ ಎರಡು ಊದಿದ ಕೈಗಳ ಕೆಳಗೆ ಮಲಗುತ್ತಿತ್ತು.

‘ಅತ್ಗಮ್ಮ, ಕಾವಲನ್ನ ಸರ ಪೋಣಿಸಾನ’ ಎಂದಳು ಚೆಲುವಿ.

‘ಸ್ನಾನದ ನೀರಿಗೆ ಸರಿ ಕಣಮ್ಮಿ’ ಎಂದಳು ಅಕ್ಕ. ‘ನಿನ್ನ ದುಬಾಸಿ ಬಡಿಯೋದು ಸಡಿಲ. ದೀಪ ಹಚ್ಚೋ ಹೊತ್ತಿಗೆ ಅದು ಇನ್ನೂ ಅರ್ಧದಲ್ಲಿರ್ತದೆ. ಅರ್ಧ ಗೋಡೆ ನಿಲ್ತದಾ?’

‘ನಿಮ್ಮ ಕೈ ಎಷ್ಟು ದಿನ ನಿಲ್ತದೆ, ಅದನ್ನಾದ್ರೂ ಹೇಳಿ.’

ಅಕ್ಕ ಮಾರನೆಯ ಬೆಳಿಗ್ಗೆ ತಾನೇ ನಗಾರಿಗೆ ಕಂಬಳಿ ಹೊದಿಸಿ, ‘ಬಾ, ಕೂತ್ಕೊ’ ಎಂದು ಚೆಲುವಿಯನ್ನು ಕರೆದಳು.

ಆಗ ಒಂದು ಸೋಜಿಗ ಬೆಳಕಿಗೆ ಬಂತು. ಕಾವಲು ಏನು ಹೇಳುತ್ತದೆಂದು ಅಕ್ಕನಿಗೇ ಗೊತ್ತಿರಲಿಲ್ಲ. ಕಾವಲನ್ನು ಮಾತ್ರ ಅಪ್ಪ ಸೊಲ್ಲಿಲ್ಲದೆ ಕೈಯಿಂದ ಕೈಗೇ ಕಲಿಸಿದ್ದ. ಅವಳ ಕೈಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ‘ಇಲ್ಲೇನು ಹೇಳ್ತೀರಿ?’ ಎಂದು ಕೇಳಿದರೆ ಕೈ ನಿಂತುಬಿಡುತ್ತಿತ್ತು, ಮತ್ತೆ ಹಿಂದಿನಿಂದ ಹಿಡಿದು ಬರಬೇಕಿತ್ತು. ಅವಳು ಬಡಿಯುವುದು, ನಾನು ಅದರಲ್ಲಿ ಸೊಲ್ಲು ಹುಡುಕುವುದು, ಚೆಲುವಿ ಸೊಲ್ಲಿಗೆ ಮಣಿ ಪೋಣಿಸುವುದು. ಗೋಡೆ ಒಂದೇ ಎಂದು ನಾವು ತಿಳಿದಿದ್ದೆವು. ಅದು ಅಂಕಣ ಅಂಕಣವಾಗಿತ್ತು. ಒಂದೊಂದು ಅಂಕಣಕ್ಕೂ ಬುಡ ದಪ್ಪಗಿರು, ತಲೆ ತೆಳ್ಳಗಿರು, ಗಾಳಿ ಪಡುವಣದಿಂದ ಬಂದರೆ ಹೀಗೆ ಬಾಗು, ಮೀನನ್ನು ಹೊರಗೆ ಬಿಡಬೇಡ, ಕೈ ಅದ್ದಿದವರಿಗೆ ಅಡ್ಡ ಬರಬೇಡ. ಯಾವ ಮುತ್ತಜ್ಜನೋ ನಮ್ಮ ಕೈ ತೊಳೆಯುವುದನ್ನೂ ಯೋಚಿಸಿ ಅದರಲ್ಲಿ ಇಟ್ಟಿದ್ದ. ಅದು ತಿಳಿದಾಗ ಚೆಲುವಿ ಮಣಿ ಕೆಳಗಿಟ್ಟು ಎದ್ದುಹೋಗಿ ಗೋಡೆಗೆ ಕೈ ಅದ್ದಿ ನೋಡಿದಳು.

ಪ್ರತಿ ಅಂಕಣದ ಕೊನೆಯಲ್ಲಿ ಒಂದು ತುಂಡು ಬಡಿತ ಬರುತ್ತಿತ್ತು. ಅದಕ್ಕೆ ಮಾತ್ರ ನನಗೆ ಯಾವ ಸೊಲ್ಲೂ ಸಿಗಲಿಲ್ಲ. ಬಹಳ ಬಿರುಸು, ಬಹಳ ನಾಜೂಕು, ಎರಡೂ ಮಣಿಕಟ್ಟು ಒಟ್ಟಿಗೆ ತಿರುಗಬೇಕು. ಅಕ್ಕನ ಕೈ ತಿಂದದ್ದು ಇದೇ.

‘ಇದೇನು ಹೇಳ್ತದೆ ಅತ್ಗಮ್ಮ?’

‘ಗೊತ್ತಿಲ್ಲ ಕಣೆ. ಇದೇ ಗೋಡೆಯ ಜೀವ ಅಂತಿದ್ದ ಅಪ್ಪ. ಇದೊಂದು ಕೈಗೆ ಬರಲಿ ಅಂತ ನನ್ನ ಒಂದೊಂದು ಬೆರಳಿಗೂ ಬರೆ ಹಾಕಿದ್ದ.’

ಅರ್ಥ ತಿಳಿಯದ ಕಾರಣ ಚೆಲುವಿ ಆ ತುಂಡಿನ ಒಂದೊಂದು ಏಟಿಗೂ ಒಂದೊಂದು ಬಿಳಿಯ ಸಣ್ಣ ಮಣಿ ಪೋಣಿಸಿ, ಇದ್ದದ್ದು ಇದ್ದಂತೆಯೇ ಇಟ್ಟಳು. ಸರ ಮುಗಿದಾಗ ಅದನ್ನು ನಮ್ಮ ಬೀದಿಯ ಜಗಲಿಗಳ ಮೇಲೆಲ್ಲ ಹಾಸಬೇಕಾಯಿತು. ಕೊಡತಿಯ ನಗಾರಿಗೆ ಕಂಬಳಿ ಹೊದಿಸಿ, ಬೆಳಗಿನ ಹೊತ್ತು ಪರೀಕ್ಷೆಗೆಂದು ಇಳಿಬಿಟ್ಟೆವು. ಅಕ್ಕ ಹೇಳಿದ ಹಾಗೆಯೇ ಆಯಿತು. ಮಧ್ಯಾಹ್ನದ ಊಟವಾದರೂ ದುಬಾಸಿ ಇನ್ನೂ ಬಡಿಯುತ್ತಲೇ ಇತ್ತು. ‘ನಾನು ಹೇಳ್ನಿಲ್ವಾ?’ ಎಂದು ಅಕ್ಕ ಎದ್ದುಹೋದಳು. ಗೆದ್ದವಳ ಮುಖ ಹಾಗಿರುವುದಿಲ್ಲ.

ಚೆಲುವಿ ಅನ್ನ ಬಿಟ್ಟು ಕೂತಳು. ಒಂದು ದಿನ ಎದ್ದು ಬಂದು ಹೇಳಿದಳು, ‘ನಮ್ಮ ದುಬಾಸಿ ದಡ್ಡ. ಮಣಿ ಮುಟ್ಟಿದ ತಕ್ಷಣ ಬಡೀತದೆ. ಜಾಣ ಆದವನು ಏನ್ಮಾಡ್ತಾನೆ? ಎದುರಿನವರ ಮಾತು ಪೂರ್ತಿ ಕೇಳಿಸ್ಕಂಡು ಆಮೇಲೆ ಬಾಯಿ ಬಿಡ್ತಾನೆ. ಎರಡು ಸಲ ಹೇಳಿದ್ದನ್ನ ಒಂದ್ಸಲ ಹೇಳ್ತಾನೆ. ಹೇಳೋದೇ ಬೇಡದ್ದನ್ನ ಬಿಟ್ಬಿಡ್ತಾನೆ. ಹಂಗೆ ಕಲಿಸ್ಬೇಕು.’

ನನಗೆ ಕಳೆದ ಬೇಸಿಗೆ ನೆನಪಾಗಿ ತೋಳು ಅಲ್ಲೇ ನೋಯತೊಡಗಿತು. ‘ತಾಯಿ, ಕಾಲಿಗೆ ಬೀಳ್ತೀನಿ. ನಾನಿನ್ನು ಬಡಿಯೋಕಿಲ್ಲ’ ಎಂದೆ.

‘ನೀವ್ಯಾಕೆ ಬಡೀಬೇಕು? ಹೊಸ ದುಬಾಸಿ ಹೆಂಗಿರ್ಬೇಕು ಅನ್ನೋದನ್ನೇ ಸರ ಪೋಣಿಸ್ತೀನಿ. ಹಳೇ ದುಬಾಸಿಗೆ ಕೊಡಾನ. ಅದೇ ಬಡೀಲಿ.’

ದುಬಾಸಿಯನ್ನು ದುಬಾಸಿಯ ಕೈಯಲ್ಲೇ ಮಾಡಿಸುವುದೇ? ತನ್ನ ಹೆರಿಗೆಯನ್ನು ತಾನೇ ಮಾಡಿಸಿಕೊಂಡ ಹಾಗಾಗಲಿಲ್ಲವೇ? ಆದರೂ ಹಳೆಯ ಕಾಲುವೆಯ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ, ಅದಕ್ಕೂ ನಗಾರಿ, ಕೊಡತಿ ಕಟ್ಟಿದೆವು. ಹಳೆಯ ಕಾಲುವೆಯ ನೀರು ಚೆಲುವಿಯ ಸರ ಮುಟ್ಟಿ ಎಮ್ಮೆ ನಡಿಗೆಯಲ್ಲಿ ಬಡಿಯಿತು. ಹೊಸ ಕಾಲುವೆಯ ನೀರು ಕೇಳಿ ಕಲಿಯಿತು. ಚೆಲುವಿ ಅಷ್ಟಕ್ಕೇ ಬಿಡಲಿಲ್ಲ. ಅದೇ ಸರವನ್ನು ಈಗ ಹೊಸ ಕಾಲುವೆಗೆ ಇಳಿಬಿಟ್ಟು, ‘ಈಗ ನೀನು ನಿನ್ನನ್ನೇ ಹೇಳು ನೋಡಾನ’ ಎಂದಳು. ನೀರು ಸರದ ತುದಿಯಿಂದ ತುದಿಗೆ ಸುಮ್ಮನೆ ಮುಟ್ಟಿ ನೋಡಿತು. ಒಂದು ಕೊಡತಿಯೂ ಅಲುಗಲಿಲ್ಲ. ಕೆಟ್ಟಿತು ಎಂದುಕೊಂಡೆ. ಆಮೇಲೆ ಬಡಿಯತೊಡಗಿತು, ಚುರುಕಾಗಿ, ಬಿಗಿಯಾಗಿ, ನಮ್ಮಪ್ಪ ಪ್ರಾಯದಲ್ಲಿ ಬಡಿಯುತ್ತಿದ್ದ ಹಾಗೆ. ಹಳೆಯ ಕಾಲುವೆ ಅದನ್ನು ಕೇಳಿ ಹೊಸದಾಯಿತು. ಮತ್ತೆ ಅದಕ್ಕೂ ಅದೇ ಸರ ಕೊಟ್ಟರೆ ಅದೇ ಬಡಿತ ಬಂತು, ಒಂದು ಏಟು ಹೆಚ್ಚಿಲ್ಲ, ಒಂದು ಏಟು ಕಮ್ಮಿಯಿಲ್ಲ. ನನ್ನ ಕೈಯ ಗುರುತು ಅದರಲ್ಲಿ ಎಲ್ಲೂ ಉಳಿದಿರಲಿಲ್ಲ. ಅದು ತನ್ನನ್ನು ತಾನೇ ಹೇಳಿಕೊಂಡಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ದೊಡ್ಡದೊಂದನ್ನು ಕಂಡರೆ ನಮ್ಮ ಜಾತಿಯವರಿಗೆ ಮಾತು ಹೊರಡುವುದಿಲ್ಲ, ಅಳು ಬರುತ್ತದೆ.

ಈಗ ಕಾವಲಿನ ಸರವನ್ನು ಇಳಿಬಿಟ್ಟೆವು, ಕಂಬಳಿ ಹೊದಿಸಿಯೇ. ಅಕ್ಕ ಕಣ್ಣು ಮುಚ್ಚಿ ಕೂತು ಕೇಳಿದಳು. ಶುರುವಾಯಿತು, ಎಲೆಯಡಿಕೆ ಹಾಕಿಕೊಂಡು ಅದು ಕೆಂಪಾಗುವುದರೊಳಗೆ ಮುಗಿದೇಹೋಯಿತು.

‘ತಪ್ಪು’ ಎಂದಳು ಅಕ್ಕ. ‘ಮೂಲೆ ಬಿಟ್ಟೈತೆ. ಪ್ರತಿ ಅಂಕಣಕ್ಕೂ ಮೂಲೆ ಬಿಗಿ ಅಂತ ಹೇಳ್ಬೇಕು. ಹೇಳೇ ಇಲ್ಲ.’

ಚೆಲುವಿ ಇನ್ನೊಮ್ಮೆ ಇಳಿಬಿಟ್ಟಳು. ಈ ಸಲ ಅಕ್ಕ ಊದಿದ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತ ಜೊತೆಗೇ ಹೋದಳು. ನಡುವೆ ಒಮ್ಮೆಲೇ ಕಣ್ಣು ತೆರೆದಳು.

‘ಅಯ್ಯೋ ಶಿವನೆ. ಹೇಳೈತೆ ಕಣೋ ಪಾಪಣ್ಣ. ಮೊದ್ಲೇ ಹೇಳ್ಬಿಟ್ಟೈತೆ. ಎಲ್ಲಾ ಅಂಕಣಕ್ಕೂ ಸೇರ್ಸಿ ಒಂದೇ ಸಲ, ಬಾಗ್ಲಲ್ಲೇ. ಒಳಗೆ ಹೋದ್ಮೇಲೆ ಮತ್ತೆ ಯಾಕೆ ಹೇಳ್ಬೇಕು?’ ಚೆಲುವಿಯ ಕಡೆ ತಿರುಗಿದಳು. ‘ಇದನ್ನ ನೀನು ಕಲಿಸಿದ್ಯಾ?’

‘ಇಲ್ಲ ಅತ್ಗಮ್ಮ. ಎರಡು ಸಲ ಹೇಳ್ಬೇಡ ಅಂತ ಮಾತ್ರ ಕಲಿಸಿದ್ದು. ಮೂಲೆಯನ್ನ ಬಾಗಿಲಿಗೆ ತರ್ಬೋದು ಅಂತ ನನಗೆ ಹೊಳೆದೇ ಇರ್ನಿಲ್ಲ.’

ಮಾಡಿದವಳಿಗೇ ಹೊಳೆಯದ್ದು ಮಾಡಿಸಿಕೊಂಡದ್ದಕ್ಕೆ ಹೊಳೆದಿತ್ತು. ಮೂವರೂ ಕಾಲುವೆಯನ್ನು ನೋಡಿದೆವು. ಮೊಣಕಾಲು ಮುಳುಗದಷ್ಟು ನೀರು, ಯಾವಾಗಿನ ಹಾಗೆ ಹರಿಯುತ್ತಿತ್ತು.

‘ಎಲ್ಲಾ ಸರಿ’ ಎಂದಳು ಅಕ್ಕ ಮೆಲ್ಲಗೆ. ‘ಗೋಡೆಯ ಜೀವ ಎಲ್ಲಿ?’

ಅದು ಇರಲಿಲ್ಲ. ಬಿಳಿಯ ಮಣಿಗಳನ್ನು ದುಬಾಸಿ ಒಂದೊಂದಾಗಿ ಮುಟ್ಟಿತ್ತು, ಮುಟ್ಟಿ ಬಿಟ್ಟಿತ್ತು. ಒಂದು ಕಡೆಯೂ ಬಡಿದಿರಲಿಲ್ಲ. ಚೆಲುವಿ ಹೇಳಲಾರದೆ ಹೇಳಿದಳು: ನೀರಿಗೆ ಏನನ್ನೂ ಹೇಳದ್ದನ್ನು ಬಿಟ್ಟುಬಿಡು ಎಂದು ಅವಳು ಕಲಿಸಿದ್ದಳು. ಆ ತುಂಡು ನೀರಿಗೆ ಏನನ್ನೂ ಹೇಳುತ್ತಿರಲಿಲ್ಲ.

ತೋಪೇಗೌಡರು ಸುದ್ದಿ ಕೇಳಿ ಓಡಿ ಬಂದರು. ‘ಜೀವಾನೇ ಬಿಟ್ಟು ಬಡಿದ್ರೆ ಗೋಡೆ ಹೆಣ ಆಯ್ತದಲ್ಲಮ್ಮಾ. ಆ ತುಂಡನ್ನ ಹೆಂಗಾದ್ರೂ ಸೇರಿಸಿ’ ಎಂದರು. ಕೊಡತಿಗಳಿಗೆ ಅಷ್ಟು ನಾಜೂಕು ಬರುವುದಿಲ್ಲ, ಒತ್ತಾಯ ಮಾಡಿದರೆ ದೀಪದ ಹೊತ್ತು ಮೀರುತ್ತದೆ. ದುಬಾಸಿಯನ್ನು ನಂಬುವುದೋ, ಅಪ್ಪನ ಮಾತನ್ನು ನಂಬುವುದೋ? ಎಲ್ಲರೂ ಅಕ್ಕನ ಮುಖ ನೋಡಿದರು. ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಹಿಂದಿನ ಸಂಜೆ ಮತ್ತೆ ಎರಡು ಸಲ ಕೋಲು ಜಾರಿತ್ತು.

‘ಇವತ್ತು ದುಬಾಸಿನೇ ಬಡೀಲಿ’ ಎಂದಳು. ‘ನಾನು ಪಕ್ಕದಲ್ಲಿ ಕೋಲು ಹಿಡ್ಕಂಡು ಕೂತಿರ್ತೀನಿ. ಬೆವರ್ತು ಅಂದ್ರೆ ಶುರು ಮಾಡ್ತೀನಿ. ನೀವೆಲ್ಲ ಗುಡ್ಡ ಹತ್ತಿ.’

ಊರು ಗುಡ್ಡ ಹತ್ತಿತು. ಮಕ್ಕಳು, ದನ, ಕೋಳಿ, ಎದ್ದು ಓಡಾಡಲಾರದ ಮುದುಕರು ಬೆನ್ನಿನ ಮೇಲೆ. ಕಟ್ಟೆಯ ಮೇಲೆ ಅಕ್ಕ, ಗುಡಿಸಲಲ್ಲಿ ಚೆಲುವಿ, ನಡುವೆ ನಾನು, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಹೊತ್ತು ಗುಡ್ಡದ ನೆತ್ತಿ ಮುಟ್ಟಿತು. ಚೆಲುವಿ ಕಂಬಳಿ ಎಳೆದು, ಸರ ಇಳಿಬಿಟ್ಟಳು. ನಗಾರಿ ಮಾತಾಡಿತು. ಗೋಡೆಯ ಒಳಗೆ ಮೀನುಗಳು ಒಮ್ಮೆ ಮುಖ ತಿರುಗಿಸಿದವು. ಮೂಲೆಗಳು ಬಿಗಿದುಕೊಂಡವು, ಅಂಕಣದಿಂದ ಅಂಕಣಕ್ಕೆ ಒಂದು ನಡುಕ ಓಡಿ ಸುಮ್ಮನಾಯಿತು. ಮುಗಿಯಿತು. ಸೂರ್ಯ ಇನ್ನೂ ಮುಕ್ಕಾಲು ಪಾಲು ಮೇಲೇ ಇದ್ದ.

ಕಾದೆವು. ಗೋಡೆ ಬೆವರಲಿಲ್ಲ. ಹಿಂದೆಂದೂ ಕಾಣದಷ್ಟು ತಿಳಿಯಾಗಿ ನಿಂತಿತ್ತು, ಅದರಾಚೆಯ ಗುಡ್ಡದ ಪೊದೆಗಳು ಕೂಡ ಒಂದೊಂದಾಗಿ ಕಾಣುತ್ತಿದ್ದವು. ಹುಟ್ಟಿದಂದಿನಿಂದ ನೋಡಿದ ಗೋಡೆಯನ್ನು ಅವತ್ತು ಮೊದಲ ಸಲ ನೋಡಿದ ಹಾಗಾಯಿತು. ಗುಡ್ಡದ ಮೇಲಿಂದ ಜನ ಒಬ್ಬೊಬ್ಬರಾಗಿ ಇಳಿಯತೊಡಗಿದರು. ಚೆಲುವಿ ಗುಡಿಸಲಿನಿಂದ ಓಡಿ ಬಂದಳು.

ಅಕ್ಕ ಕೋಲುಗಳನ್ನು ಹಿಡಿದುಕೊಂಡೇ ಕೂತಿದ್ದಳು. ‘ಹಂಗಾದ್ರೆ ಇಷ್ಟು ವರ್ಷ ನಾನು ಅದನ್ನ ಬಡಿದದ್ದು ಯಾರಿಗಮ್ಮಿ?’ ಎಂದಳು. ‘ಕೈಯೆಲ್ಲಾ ಅದಕ್ಕೇ ಹೋಯ್ತು. ಯಾರಿಗೆ ಹೇಳಿದ್ದು?’

‘ನೀರಿಗಲ್ಲ ಅತ್ಗಮ್ಮ’ ಎಂದಳು ಚೆಲುವಿ. ಹೇಳುತ್ತಲೇ ಅವಳು ಅಳತೊಡಗಿದಳು.

ಅಕ್ಕ ಗೋಡೆಯನ್ನು ನೋಡಿದಳು, ಉಳಿದ ಬಿಸಿಲನ್ನು ನೋಡಿದಳು. ಆ ಹೊತ್ತಿನ ಬಿಸಿಲನ್ನು ಕೈ ಖಾಲಿ ಇಟ್ಟುಕೊಂಡು ಅವಳು ಎಂದೂ ನೋಡಿರಲಿಲ್ಲ. ಆಮೇಲೆ ಕೋಲು ಎತ್ತಿದಳು. ಕಟ್ಟೆಯ ನಗಾರಿಗೆ ಕಂಬಳಿ ಇರಲಿಲ್ಲ. ‘ಅಕ್ಕ, ಬ್ಯಾಡ!’ ಎಂದು ನಾನು ಕೂಗುವುದರೊಳಗೆ ಬಡಿದೇಬಿಟ್ಟಳು, ಆ ತುಂಡನ್ನು, ಅದೊಂದನ್ನೇ. ಇಳಿಯುತ್ತಿದ್ದ ಜನ ಇದ್ದಲ್ಲೇ ಕಲ್ಲಾದರು. ನಾನು ಗೋಡೆಯ ಕಡೆ ತಿರುಗಿದೆ.

ನೀರು ಮಿಸುಕಲಿಲ್ಲ. ಒಂದು ಮೀನೂ ಮುಖ ತಿರುಗಿಸಲಿಲ್ಲ.

ಅಕ್ಕ ನಿಲ್ಲಿಸಲಿಲ್ಲ, ಮತ್ತೆ ಬಡಿದಳು. ಈ ಸಲ ಅವಸರ ಇರಲಿಲ್ಲ, ಮುಂದಿನ ಅಂಕಣ ಕಾಯುತ್ತಿರಲಿಲ್ಲ. ನೋಯುವ ಕಡೆ ನಿಧಾನ ಮಾಡಿದಳು, ಅದರಿಂದ ಇನ್ನೂ ಸೊಗಸಾಯಿತು. ನಮಗೆಲ್ಲ ಹುಟ್ಟಿದಾಗಿನಿಂದ ಕೇಳಿ ಗೊತ್ತಿದ್ದ ಬಡಿತವೇ. ಆದರೆ ಕಣ್ಣನ್ನು ಗೋಡೆಯ ಮೇಲಿಟ್ಟು ಕೇಳಿದ್ದೆವು, ಹೆದರುತ್ತ ಕೇಳಿದ್ದೆವು. ಈಗ ಹೆದರಲು ಏನೂ ಇರಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿಯುತ್ತಿದ್ದ ಒಬ್ಬಳ ಕೈ ತಾನಾಗಿಯೇ ಕೂಸಿನ ಬೆನ್ನು ತಟ್ಟತೊಡಗಿತು. ಅವಳು ಬೆಚ್ಚಿ ಕೈ ತೆಗೆದಳು, ಗೋಡೆಯನ್ನು ನೋಡಿದಳು, ಮತ್ತೆ ತಟ್ಟಿದಳು. ನನ್ನೊಳಗೆ ಏನೋ ಎದ್ದು ಕುಣಿಯುತ್ತಿತ್ತು, ಅದಕ್ಕೆ ನಮ್ಮಲ್ಲಿ ಹೆಸರಿರಲಿಲ್ಲ.

ಅಕ್ಕ ಕೋಲು ಕೆಳಗಿಟ್ಟಳು. ರೂಢಿಯಂತೆ, ತಿರುಗಿ ನೋಡದೆ, ಕೇಳಿದಳು.

‘ಸರಿಯಾಯ್ತಾ?’

ಯಾರೂ ಗೋಡೆಯ ಕಡೆ ನೋಡಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಚೆಲುವಿ ಕಣ್ಣೊರೆಸಿಕೊಂಡು ಮುಂದೆ ಬಂದು ಅವಳ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ತೆಗೆದುಕೊಂಡಳು.

‘ಚೆನ್ನಾಗಿತ್ತು ಅತ್ಗಮ್ಮ’ ಎಂದಳು.

ನಮ್ಮ ಊರಿನಲ್ಲಿ ಒಂದು ಬಡಿತಕ್ಕೆ ಯಾರಾದರೂ ಆ ಮಾತು ಹೇಳಿದ್ದು ಅದೇ ಮೊದಲು.